ಮಾರಮ್ಮನ ಮುಂದೆ ಮೇಷ್ಟ್ರು ಆಡಿದ ಮಾತು

ಶುಚಿ ಎಂದರೆ ಚನ್ನಬಸವಯ್ಯ ಮೇಷ್ಟ್ರಿಗೆ ಹುಚ್ಚು. ಒಬ್ಬಳೇ ಮಗಳು ವಾಂತಿಭೇದಿಯಲ್ಲಿ ಹೋದ ಮೇಲೆ ಹತ್ತಿದ ಹುಚ್ಚು ಅದು. ಜಯನಗರ ಇನ್ನೂ ಅರ್ಧ ಸೈಟು, ಅರ್ಧ ರಾಗಿಹೊಲವಾಗಿದ್ದ ಕಾಲ. ಬಸವನಗುಡಿಯಿಂದ ಸೈಕಲ್ ತುಳಿದು, ಹೊಸಕೆರೆಹಳ್ಳಿ ಕೆರೆ ದಾಟಿ, ಅದರಾಚೆಯ ಪುಟ್ಟ ಹಳ್ಳಿಯ ಶಾಲೆಗೆ ಬರುತ್ತಿದ್ದರು. ಪಾಠ ಆಮೇಲೆ, ಮೊದಲು ಉಗುರು, ಹಲ್ಲು, ತಲೆ. ಕೊಳೆಯಾಗಿ ಬಂದ ಮಕ್ಕಳನ್ನು ಶಾಲೆಯ ಬಾವಿಯ ಹತ್ತಿರ ಕೂರಿಸಿ, ತಮ್ಮ ಕೈಯಾರೆ ಸೋಪು ಹಚ್ಚಿ ತೊಳೆಯುತ್ತಿದ್ದರು. ಬರುಬರುತ್ತಾ ಮಕ್ಕಳ ಮೈಮೇಲೆ ಕಜ್ಜಿ ಹೇಳಹೆಸರಿಲ್ಲದಂತಾಯಿತು. ಊರವರು ಎದುರಿಗೆ ನಕ್ಕರೂ ಒಳಗೊಳಗೇ ಮೆಚ್ಚಿಕೊಂಡಿದ್ದರು.

ಒಂದು ಬೇಸಿಗೆಯಲ್ಲಿ ಊರಿಗೆ ಸಿಡುಬು ಬಂತು. ಸಿಡುಬು ಎನ್ನುವ ಹಾಗಿಲ್ಲ, ಅಮ್ಮ ಎನ್ನಬೇಕು. ಅಮ್ಮ ಬಂದ ಮನೆಯಲ್ಲಿ ಒಗ್ಗರಣೆ ಇಲ್ಲ, ಯಾರೂ ತಲೆಗೆ ನೀರು ಹಾಕಿಕೊಳ್ಳುವಂತಿಲ್ಲ, ಹೊರಗೆ ಬಾಯಿ ಬಿಡುವಂತಿಲ್ಲ. ಇದೆಲ್ಲ ಮೇಷ್ಟ್ರಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಬೈರಮ್ಮನ ಮಗಳು ಸೊಣ್ಣಿ ಕೆದರಿದ ತಲೆಯಲ್ಲಿ ಬಂದು ನಿಂತಾಗ ಅವರ ಕಣ್ಣಿಗೆ ಕಂಡದ್ದು ಕೊಳೆ ಮಾತ್ರ. ಜಡೆಯಲ್ಲಿ ಬೇವಿನೆಲೆ ಸಿಕ್ಕಿಕೊಂಡಿತ್ತು. ಅದನ್ನೂ ಕಸವೆಂದು ಕಿತ್ತೆಸೆದರು. "ಬ್ಯಾಡಿ ಮೇಷ್ಟ್ರೇ, ಬ್ಯಾಡಿ" ಎಂದು ಹುಡುಗಿ ಕಿರುಚಿಕೊಂಡರೂ ಬಿಡದೆ ತಲೆಯ ಮೇಲೆ ನೀರು ಸುರಿದರು. ಯಾಕಮ್ಮ ಬೇಡ ಎಂದು ಒಂದು ಮಾತು ಕೇಳಬಾರದಿತ್ತೇ ಮಹಾರಾಯ!

ಅದೇ ವಾರ ಸೊಣ್ಣಿಯ ಪುಟ್ಟ ತಮ್ಮ ತೀರಿಕೊಂಡ. ಮೊದಲಿನಿಂದಲೇ ಮೈತುಂಬ ಗುಳ್ಳೆ ಎದ್ದು ಮಲಗಿದ್ದ ಮಗು ಅದು. ಅಕ್ಕನ ತಲೆಗೆ ನೀರು ಬೀಳದಿದ್ದರೂ ಉಳಿಯುತ್ತಿರಲಿಲ್ಲ. ಆದರೆ ಅದನ್ನು ಕೇಳುವವರು ಯಾರು? ಮೇಷ್ಟ್ರು ಅಮ್ಮನನ್ನು ಕೆಣಕಿದರು, ಅಮ್ಮ ಮಗುವನ್ನು ಎತ್ತಿಕೊಂಡಳು ಎಂದು ಊರಿಗೆ ಊರೇ ಆಡಿತು. ಸಿಡುಬು ತಗುಲದಂತೆ ಮಕ್ಕಳ ತೋಳಿಗೆ ದಾಕು ಹಾಕುವವರು ಶಾಲೆಗೆ ಬಂದರೆ, ಒಂದು ನರಪಿಳ್ಳೆಯೂ ಇಲ್ಲ.

ಅಷ್ಟರಲ್ಲಿ ಇನ್ನೆರಡು ಮನೆಗಳಲ್ಲಿ ಮಕ್ಕಳು ಮಲಗಿದ್ದವು. ಮೇಷ್ಟ್ರು ಎದ್ದುಬಿದ್ದು ಪಟೇಲ ಚಿಕ್ಕಬೈರಪ್ಪನ ಮನೆಗೆ ಓಡಿದರು.

"ದಾಕಿನವ್ರು ನಾಳೆ ಇನ್ನೊಂದ್ಸಲ ಬರ್ತಾರೆ ಪಟೇಲ್ರೇ, ಆಮೇಲೆ ಬರಲ್ಲ. ದಾಕು ಹಾಕಿಸ್ದಿದ್ರೆ ಮಕ್ಳು ಉಳಿಯಲ್ಲ. ನಿಮ್ ಕಾಲಿಗೆ ಬೀಳ್ತೀನಿ."

"ನನ್ ಕಾಲಿಗ್ಯಾಕೆ? ಮಾರಮ್ಮನ್ ಮುಂದೆ ನಿಂತ್ಕೊಂಡು, ನಾನು ನೀರು ಹಾಕಿದ್ದಕ್ಕೇ ಮಗ ಹೋಯ್ತು ಅಂತ ಬಾಯ್ಬಿಟ್ಟು ಒಪ್ಕೊಳ್ಳಿ. ಅವ್ಳು ಶಾಂತ ಆದ್ರೆ ನಾವೇ ಮಕ್ಳನ್ನ ಕರ್ಕೊಂಡ್ ಬರ್ತೀವಿ."

ಹೇಳಿದರೆ ಅಷ್ಟು ವರ್ಷ ಕಲಿಸಿದ್ದೆಲ್ಲ ನೀರುಪಾಲು. ಹೇಳದಿದ್ದರೆ ಮಕ್ಕಳು ಮಣ್ಣುಪಾಲು.

ಮರುದಿನ ಬೆಳಿಗ್ಗೆ, ನೆರೆದ ಊರಿನ ಮುಂದೆ, ಒದ್ದೆ ಪಂಚೆಯಲ್ಲಿ ಗುಡಿಗೆ ಅಡ್ಡಬಿದ್ದು ಎದ್ದು ಗಟ್ಟಿಯಾಗಿ ಹೇಳಿದರು: "ನಾನು ನೀರು ಹಾಕಿದ್ದಕ್ಕೇ ಮಗು ಹೋಯ್ತು. ತಪ್ಪಾಯ್ತು ತಾಯಿ." ಚಿಕ್ಕಬೈರಪ್ಪ ಕೊಟ್ಟ ಮಾತಿಗೆ ತಪ್ಪಲಿಲ್ಲ. ಮಧ್ಯಾಹ್ನದೊಳಗೆ ಶಾಲೆಯ ಜಗಲಿ ತುಂಬ ಮಕ್ಕಳು ತೋಳು ಬಿಟ್ಟುಕೊಂಡು ಸಾಲು ನಿಂತರು. ಆದರೆ ಆಮೇಲೆ, ಮೇಷ್ಟ್ರು ರಿಟೈರ್ ಆಗುವವರೆಗೂ, ಯಾವ ತಾಯಿಯೂ ತನ್ನ ಮಗುವನ್ನು ಆ ಬಾವಿಯ ಹತ್ತಿರ ಬಿಡಲಿಲ್ಲ.

ಅವತ್ತಿನ ಆ ಸಾಲಿನಲ್ಲಿ ಬೈರಮ್ಮನೂ ಇದ್ದಳು. ಅಳುತ್ತಿದ್ದ ಸೊಣ್ಣಿಯ ತೋಳನ್ನು ತಾನೇ ಬಿಗಿಯಾಗಿ ಹಿಡಿದು ದಾಕು ಹಾಕಿಸಿದಳು. ಆಮೇಲೆ ಮೇಷ್ಟ್ರ ಎದುರಿಗೆ ಬಂದು ನಿಂತಳು.

"ಊರೋರೆಲ್ಲ ನೀವೇ ಕೊಂದ್ರಿ ಅಂತಿದ್ರು ಮೇಷ್ಟ್ರೇ. ನಾನೊಬ್ಳೇ ನಂಬಿರ್ಲಿಲ್ಲ. ಅವ್ನ ಋಣ ಅಷ್ಟೇ ಇತ್ತು ಅಂದ್ಕೊಂಡಿದ್ದೆ. ಬೆಳಿಗ್ಗೆ ನೀವು ಅಂದಿದ್ದು ನಿಜಾನಾ?"

ಮೇಷ್ಟ್ರು ಬಾಯಿ ತೆರೆದರು. ಬೈರಮ್ಮನ ಹಿಂದೆ ಇನ್ನೂ ಅರ್ಧ ಸಾಲು ಮಕ್ಕಳು ಕಾಯುತ್ತಿದ್ದರು. ಅವರ ಕೈ ಹಿಡಿದ ತಾಯಂದಿರೆಲ್ಲ ಇತ್ತಲೇ ಕಿವಿ ಕೊಟ್ಟು ನಿಂತಿದ್ದರು.

"ನಿಜ ಕಣಮ್ಮಾ" ಎಂದರು.