ಫಿಲ್ಟರಿನಲ್ಲಿ ಸಿಕ್ಕ ಬಣ್ಣ

ಹಳೇ ಬಸ್ಸುಗಳ ಬಣ್ಣ ಉಜ್ಜಿ ತೆಗೆದು ಹೊಸದು ಬಳಿಯುವುದು ನಮ್ಮ ಭಾವನ ಕೆಲಸ. ಕೋಪ ಮೂಗಿನ ತುದಿಯಲ್ಲೇ. ಮಗಳ ಕೆಮ್ಮಿಗೆ ಎದುರುಮನೆ ಅಜ್ಜಿಯ ಸೌದೆ ಒಲೆಯೇ ಕಾರಣವೆಂದು ಜಗಳವಾಡಿ ಮಾತು ಬಿಟ್ಟಿದ್ದರು. ಕಿಟಕಿ ಮುಚ್ಚಿ, ಟೇಬಲ್ ಫ್ಯಾನಿನ ಹಿಂದೆ ಫಿಲ್ಟರ್ ಹಾಳೆ ಕಟ್ಟಿ, ಗಾಳಿ ಸೋಸುವ ಯಂತ್ರವನ್ನು ತಾವೇ ಮಾಡಿದರು.

“ನೋಡ್ತಿರು, ಅಜ್ಜಿ ಮನೆ ಮಸಿಯೆಲ್ಲ ಇದ್ರಲ್ಲಿ ಸಿಗುತ್ತೆ” ಎಂದು ನನ್ನೆದುರು ಬೀಗಿದರು.

ವಾರದ ಮೇಲೆ ಎಲ್ಲರನ್ನೂ ಕರೆದು ಹಾಳೆ ಬಿಚ್ಚಿದರು. ಅದರ ತುಂಬ ನೀಲಿ ಪುಡಿ.

“ಅಪ್ಪಾ, ನಿನ್ನ ಅಂಗಿ ಮೇಲಿರೋ ಬಣ್ಣ!” ಎಂದಳು ಮಗಳು.

ಆ ವಾರ ಅವರು ಉಜ್ಜಿದ್ದು ನೀಲಿ ಬಸ್ಸು.

ಮರುದಿನ ಸಂಜೆ ಮಗಳು ಎಂದಿನಂತೆ ಅಪ್ಪಿಕೊಳ್ಳಲು ಓಡಿಬಂದಾಗ ಭಾವ ಬಾಗಿಲಲ್ಲೇ ತಡೆದರು. “ತಡಿ ಪುಟ್ಟಿ, ಸ್ನಾನ ಮಾಡಿ ಬರ್ತೀನಿ.”

ಸ್ನಾನವಾದ ಮೇಲೆ ಮುಚ್ಚಿದ್ದ ಕಿಟಕಿ ತೆರೆದು, ತಲೆ ಹೊರಗೆ ಹಾಕಿ ಕೇಳಿದರು: “ಅಜ್ಜೀ, ಊಟ ಆಯ್ತಾ?”