ಪೂಲಿನ ಕೆಳಗೆ ಹೋಗುತ್ತಿದ್ದ ಬೀರಪ್ಪ

ದೇವದುರ್ಗದಿಂದ ಜಾಲಹಳ್ಳಿಗೆ ಹೋಗುವ ರಸ್ತೆಯಲ್ಲಿ, ಹಳ್ಳದ ಈಚೆ ದಂಡೆಯ ಖಾಜಾಸಾಬರ ಹೋಟೆಲಿನಲ್ಲಿ ಆ ಬೆಳಿಗ್ಗೆ ನಾವು ನಾಲ್ವರಿದ್ದೆವು. ಒಲೆಯ ಮುಂದೆ ಖಾಜಾಸಾಬ್, ಬಾಗಿಲ ಬೆಂಚಿನ ಮೇಲೆ ಬಸ್ಸಿನ ಡ್ರೈವರ್ ಶರಣಪ್ಪ, ಪತ್ರಿಕೆ ಬಿಡಿಸಿ ಹಿಡಿದ ಸಾಲಿ ಮಾಸ್ತರನಾದ ನಾನು, ಮತ್ತು ಬೀರಪ್ಪ. ಬೀರಪ್ಪ ಎರಡು ಕಡೆ ಇದ್ದ. ನನ್ನ ಎದುರಿಗೆ ಬಸಿಯಲ್ಲಿ ಚಹಾ ಆರಿಸುತ್ತ ಕೂತಿದ್ದ. ಪತ್ರಿಕೆಯಲ್ಲಿ, ಬಿದ್ದ ಸೇತುವೆಯ ಮುಂದೆ, ಕೈಯಲ್ಲಿ ಹಾರೆ ಹಿಡಿದು ನಿಂತಿದ್ದ.

"ಓದ್ರೀ ಮಾಸ್ತರ," ಎಂದ. "ಫೋಟೋ ಹಾಕ್ಯಾರ ಅಂದ್ರ ಏನರೆ ಛಲೋನ ಬರದಿರತಾರ."

ಫೋಟೋದ ಮೇಲೆ ದಪ್ಪಕ್ಷರದಲ್ಲಿ ಇದ್ದದ್ದು, ಸೇತುವೆ ಕುಸಿತಕ್ಕೆ ಕಿಡಿಗೇಡಿಗಳ ಕೈವಾಡದ ಶಂಕೆ ಎಂದು. ನಾನು ಒಂದೆರಡು ಸಲ ಕೆಮ್ಮಿದೆ. ಕಡೆಗೆ ಓದಿದೆ. ಬೀರಪ್ಪ ಬಸಿ ಕೆಳಗಿಟ್ಟ.

"ಲೇ ಬೀರ್ಯಾ, ಹಾರಿ ಯಾಕ ಹಿಡ್ಕೊಂಡು ನಿಂತಿದ್ದಿ?" ಎಂದರು ಖಾಜಾಸಾಬ್.

"ಫೋಟೋದವರಽ ಹಿಡ್ಕೊ ಅಂದ್ರು. ಬರಿಗೈಲೆ ನಿಂತ್ರ ರಸ್ತಿ ಕೆಲಸದವ ಅಂತ ತಿಳ್ಯಂಗಿಲ್ಲಂತ. ಗುದ್ದಲಿ ಹಳ್ಳದಾಗ ಹೋಗಿತ್ತು. ಹಾರಿ ಸಿಕ್ತು."

ಬೀರಪ್ಪ ಆ ರಸ್ತೆಯ ಗ್ಯಾಂಗ್ ಮೇಸ್ತ್ರಿ. ಕುರಿಗಾರರ ಮನೆತನ; ಹತ್ತೊಂಬತ್ತು ವರ್ಷದಿಂದ ರಸ್ತೆಯ ದಿನಗೂಲಿ. ನಾಲ್ಕು ಜನ ಆಳುಗಳನ್ನು ಕಟ್ಟಿಕೊಂಡು ತಗ್ಗು ಮುಚ್ಚುವುದು, ಮೋರಿ ಬಳಿಯುವುದು, ಜಾಲಿ ಕಡಿಯುವುದು ಅವನ ಕೆಲಸ. ಖಾಯಂ ಆಗುವವರ ಪಟ್ಟಿಯಲ್ಲಿ ಅವನ ಹೆಸರು ಆ ವರ್ಷ ಸೇರಿತ್ತು. ಅದನ್ನು ಅವನು ನನ್ನಿಂದ ಮೂರು ಸಲ ಓದಿಸಿ, ಬೆರಳಿಟ್ಟು ನೋಡಿದ್ದ.

ನಿಜಾಮನ ಕಾಲದ ಮೋರಿಯೊಂದು ಆ ರಸ್ತೆಯಲ್ಲಿತ್ತು. ಅದನ್ನು ಅವನು "ಹುಡುಗಿ" ಎನ್ನುತ್ತಿದ್ದ. ಕಟ್ಟಿ ಹದಿನೈದು ವರ್ಷವೂ ಆಗದ ಹಳ್ಳದ ಸೇತುವೆಯನ್ನು, ನಮ್ಮ ಕಡೆಯ ಮಾತಿನಲ್ಲಿ ಪೂಲನ್ನು, "ಮುದುಕಿ" ಎನ್ನುತ್ತಿದ್ದ. ಹೀಗೇಕೆ ಉಲ್ಟಾ ಎಂದರೆ, "ಅಕಿ ಉಂಡು ಬೆಳದಾಕಿ, ಇಕಿ ಉಪಾಸ ಹುಟ್ಟಿದಾಕಿ. ಸಿಮಿಟು ತಿಂದವರು ಬ್ಯಾರೆ ಅದಾರ್ರೀ," ಎಂದು ನಕ್ಕುಬಿಡುತ್ತಿದ್ದ.

ರಸ್ತೆ ಇಲಾಖೆಯ ಸಾಹೇಬರು ಜೀಪಿನಲ್ಲಿ ಬಂದು ಪೂಲಿನ ಮೇಲೆ ಹಾದು ಹೋಗುತ್ತಿದ್ದರು. ಬೀರಪ್ಪ ಮಾತ್ರ ದಿನಾ ಬೆಳಿಗ್ಗೆ ಧೋತರ ಎತ್ತಿ ಕಟ್ಟಿ ಕೆಳಗೆ ಇಳಿಯುತ್ತಿದ್ದ. "ಪೂಲಿನ ಸುದ್ದಿ ಕೆಳಗಿರತದ," ಎನ್ನುವುದು ಅವನ ಮಾತು. ಕಂಬದಲ್ಲಿ ಬಿರುಕು ಕಂಡರೆ ಎಲೆಅಡಿಕೆಯ ಡಬ್ಬಿ ತೆಗೆದು, ಬಿರುಕಿನ ಅಡ್ಡಕ್ಕೆ ಬೆರಳಗಲ ಸುಣ್ಣ ಹಚ್ಚುವನು. ಒಣಗಿದ ಸುಣ್ಣ ಹಾಗೇ ಇದ್ದರೆ ಬಿರುಕು ಮಲಗಿದೆ. ಸೀಳಿದ್ದರೆ ಬಿರುಕು ಬೆಳೆಯುತ್ತಿದೆ. ಎರಡು ಸಲ ಸೀಳಿದ್ದನ್ನು ಅವನು ಸಾಹೇಬರಿಗೆ ಹೇಳಿದ್ದ. ಬಾಯಲ್ಲಿ. ಬರೆಯಲು ಅವನಿಗೆ ಬರುತ್ತಿರಲಿಲ್ಲ, ಕೇಳಲು ಅವರಿಗೆ ಪುರಸೊತ್ತಿರಲಿಲ್ಲ.

ಪೂಲು ಬಿದ್ದ ದಿನ ನಾನು ಶರಣಪ್ಪನ ಬಸ್ಸಿನಲ್ಲೇ ಇದ್ದೆ. ರಾತ್ರಿಯಿಡೀ ಮಳೆ ಹೊಡೆದು ಹಳ್ಳ ಕೆಂಪಗೆ ತುಂಬಿತ್ತು. ಪೂಲಿನ ಈ ತುದಿಗೆ ಕಲ್ಲು, ಜಾಲಿ ಮುಳ್ಳು ಅಡ್ಡ ಹಾಕಿ ಬೀರಪ್ಪ ಕೈ ಚಾಚಿ ನಿಂತಿದ್ದ.

"ಮುಳ್ಳು ತಗೀತಿಯೋ, ನಿನ್ನ ಮ್ಯಾಲೆ ಹಾಯಿಸಲೋ?" ಎಂದು ಶರಣಪ್ಪ ಕಿಟಕಿಯಿಂದ ಒದರಿದ. "ನಿನಗ ಯಾವ ಸಾಹೇಬ ಹೇಳ್ಯಾನ?"

"ಸಾಹೇಬ ಮಲಗ್ಯಾನ. ಸುಣ್ಣ ಸೀಳ್ಯದ," ಎಂದ ಬೀರಪ್ಪ.

ಬಸ್ಸಿನಲ್ಲಿದ್ದವರೆಲ್ಲ ಬೈದರು. ಸಾಲಿಗೆ ಹೊತ್ತಾಗುತ್ತದೆಂದು ನಾನೂ ಬೈದೆ, ಸುಳ್ಳೇಕೆ ಹೇಳಲಿ. ಅರ್ಧ ತಾಸು ಕಳೆದಿರಬಹುದು. ನಡುವಿನ ಕಂಬ ಮೊಣಕಾಲು ಮಡಚಿದಂತೆ ಕುಸಿಯಿತು, ಮೇಲಿನ ಹಾಸು ಎರಡು ತುಂಡಾಗಿ ನೀರಿಗೆ ಬಿತ್ತು. ಒಂದು ಕೋಳಿಯೂ ಸಾಯಲಿಲ್ಲ. ಶರಣಪ್ಪ ಸೀಟಿನಿಂದ ಇಳಿದು ಮುಳ್ಳಿನ ಪಕ್ಕದಲ್ಲೇ ಕೂತ.

ಮರುದಿನದಿಂದ ಜೀಪುಗಳು ಶುರುವಾದವು. ಆಳುವ ಪಕ್ಷದ ಮುಖಂಡರು ರಾಯಚೂರಿನಿಂದ ಪತ್ರಿಕೆಯವರನ್ನೂ ತಮ್ಮ ಜೀಪಿನಲ್ಲೇ ಕೂರಿಸಿಕೊಂಡು ಬಂದರು. ಇದು ಹಿಂದಿನವರು ಕಟ್ಟಿಸಿದ ಪೂಲು ಎಂದರು. ವಿರೋಧ ಪಕ್ಷದ ಮುಖಂಡರು ಮಧ್ಯಾಹ್ನ ಬಂದು, ಕಟ್ಟಿಸಿದ್ದು ಚೆನ್ನಾಗಿಯೇ ಇತ್ತು, ಈಗಿನವರು ನೋಡಿಕೊಳ್ಳದೆ ಕೆಡಿಸಿದರು ಎಂದರು. ಪೂಲು ಕಟ್ಟುವ ಕಾಲಕ್ಕೆ ಇವರು ಆ ಪಕ್ಷದಲ್ಲಿದ್ದರು, ಅವರು ಈ ಪಕ್ಷದಲ್ಲಿದ್ದರು ಎಂಬುದನ್ನು ಹೇಳಲು ಬಾಯಿ ತೆರೆದ ಖಾಜಾಸಾಬರಿಗೆ ಇಬ್ಬರ ಹಿಂಬಾಲಕರೂ ಒಂದೇ ರೀತಿ ಕಣ್ಣು ಬಿಟ್ಟರು. ಕಡೆಗೆ ಎರಡೂ ಕಡೆಯವರಿಗೆ ಹೊಂದುವ ಒಂದು ಮಾತು ಸಿಕ್ಕಿತು: ಪೂಲು ಬೀಳುವ ಮೊದಲೇ ಮುಳ್ಳು ಹಾಕಿದವನಿಗೆ, ಬೀಳುವುದು ಹೇಗೆ ಗೊತ್ತಿತ್ತು?

ಹಾಗೆ ಹುಟ್ಟಿತು ಹಾರೆಯ ಫೋಟೋ. ವಾರದೊಳಗೆ ಬೀರಪ್ಪನಿಗೆ ಒಂದು ಮೆಮೊ ಬಂತು. ಮೊದಲೇ ಗೊತ್ತಿದ್ದರೆ ಲಿಖಿತವಾಗಿ ಏಕೆ ತಿಳಿಸಲಿಲ್ಲ? ಗೊತ್ತಿರಲಿಲ್ಲವಾದರೆ ಯಾರ ಅಪ್ಪಣೆಯಿಂದ ರಸ್ತೆ ಮುಚ್ಚಿದೆ? ಉತ್ತರ ಬರೆದುಕೊಡಲು ಕೂತ ನಾನು ನಾಲ್ಕು ಹಾಳೆ ಹರಿದೆ. ಯಾವ ಕಡೆಯಿಂದ ಬರೆದರೂ ಅವನು ತಪ್ಪಿತಸ್ಥನೇ ಆಗುತ್ತಿದ್ದ.

"ಎಲ್ಡಕ್ಕೂ ಹೂಂ ಅಂತ ಬರೀರಿ," ಎಂದ ಬೀರಪ್ಪ.

"ಹೂಂ ಅಂದ್ರ ಪಟ್ಟಿಯಿಂದ ಹೆಸರು ಹೊಡೀತಾರಪ್ಪ."

"ಉಹೂಂ ಅಂದ್ರ?"

ನಾನು ಐದನೆಯ ಹಾಳೆ ತೆಗೆದೆ.

ವಿಚಾರಣೆಗೆ ಬಂದ ಅಧಿಕಾರಿ ನಿಜಕ್ಕೂ ಒಳ್ಳೆಯವರು. ಹಳ್ಳಕ್ಕೆ ಇಳಿದು, ಉಳಿದ ಕಂಬದ ಮುಂದೆ ನಿಂತು, "ಎಲ್ಲಪ್ಪ ನೀನು ಹಚ್ಚಿದ ಸುಣ್ಣ? ತೋರಿಸು," ಎಂದರು. ಅಲ್ಲೇ ಎಡವಟ್ಟಾದದ್ದು. ಪೂಲು ಬೀಳುವ ಹದಿನೈದು ದಿನ ಮೊದಲು ಅದೇ ಆಳುವ ಪಕ್ಷದ ಮುಖಂಡರು ಆ ದಾರಿಯಲ್ಲಿ ಬರುವವರಿದ್ದರು. ಅವರ ಕಣ್ಣಿಗೆ ಚಂದ ಕಾಣಲೆಂದು ಇಡೀ ಪೂಲಿಗೆ ಸುಣ್ಣ ಬಳಿಯಲು ಹುಕುಂ ಬಂದಿತ್ತು. ಬಳಿದವನು ಬೀರಪ್ಪನೇ. ಬಳಿದ ಮೇಲೆ ಬಿರುಕುಗಳಿಗೆ ಮತ್ತೆ ತನ್ನ ಡಬ್ಬಿಯ ಸುಣ್ಣವನ್ನೂ ಹಚ್ಚಿದ್ದ. ಬಿಳಿಯ ಮೇಲೆ ಬಿಳಿ. ಬೆರಳಾಡಿಸಿದರೆ ಅವನಿಗೆ ಮಾತ್ರ ತಿಳಿಯುತ್ತಿತ್ತು.

"ಇಲ್ಲದ ನೋಡ್ರಿ," ಎಂದು ಖುರ್ಪಿಯಿಂದ ಕೆರೆದು ತೋರಿಸಲು ಹೋದ. ಅವನ ಸುಣ್ಣವೂ ಸರಕಾರದ ಸುಣ್ಣವೂ ಒಟ್ಟಿಗೇ ಪುಡಿಯಾಗಿ ಉದುರಿದವು. ಅಧಿಕಾರಿ ಕೆಳಗೆ ಬಿದ್ದ ಬಿಳಿ ಪುಡಿಯನ್ನೂ ಬೀರಪ್ಪನನ್ನೂ ನೋಡಿದರು.

"ಇದನ್ನ ಏನಂತ ಬರೆಯಲಿ?" ಎಂದು, ಬೀರಪ್ಪನ ಜೊತೆಗೆ ಹೋಗಿದ್ದ ನನ್ನನ್ನು ಕೇಳಿದರು. ಅಂದು ನನಗೆ ಬಂದ ಸಿಟ್ಟು ಯಾರ ಮೇಲೆ ಎಂದು ಇಂದಿಗೂ ಬಗೆಹರಿದಿಲ್ಲ.

ಪತ್ರಿಕೆಗೆ ನಾನು ಮೂರು ಕಾಗದ ಬರೆದೆ. ಮೂರನೆಯದು, ಹತ್ತಿ ಧಾರಣೆಯ ಕೆಳಗೆ, ಬೆರಳುದ್ದ ಬಂತು. ಮೇಸ್ತ್ರಿ ಬಸ್ಸು ನಿಲ್ಲಿಸಿ ಜನರನ್ನು ಉಳಿಸಿದನೆಂಬ ಸಂಗತಿ ಅದರಲ್ಲಿತ್ತು. "ಫೋಟೋ ಇಲ್ಲಲ್ರೀ," ಎಂದ ಬೀರಪ್ಪ. "ಫೋಟೋ ಇಲ್ಲಂದ್ರ ನಾನಽ ಅಂತ ಯಾರಿಗೆ ತಿಳೀತದ?" ಮಾನ್ವಿ ಕಡೆಯ ಪೋತ್ನಾಳದಲ್ಲಿದ್ದ ಅವನ ಬೀಗರು ಹಾರೆಯ ಫೋಟೋವನ್ನು ಕತ್ತರಿಸಿ ಗೋಡೆಗೆ ಅಂಟಿಸಿಕೊಂಡಿದ್ದರು. ಅವರಿಗೂ ಓದು ಬರುತ್ತಿರಲಿಲ್ಲ. ಬೀಗ ಪೇಪರಿನಲ್ಲಿ ಬಂದದ್ದೇ ದೊಡ್ಡಸ್ತಿಕೆ. "ಆ ಕಡೆ ಹೋದ್ರ ದಯಮಾಡಿ ಓದಬ್ಯಾಡ್ರಿ," ಎಂದು ಬೀರಪ್ಪ ನನಗೆ ಕೈಮುಗಿದಿದ್ದ.

ವಿಚಾರಣೆಯ ವರದಿ ಅನಿರೀಕ್ಷಿತ ಪ್ರವಾಹ ಎಂದು ಮುಗಿಯಿತಂತೆ. ಸಾಹೇಬರಿಗೆ ಇನ್ನೂ ಒಳ್ಳೆಯ ಊರಿಗೆ ವರ್ಗವಾಯಿತು. ಮುಖಂಡರಿಬ್ಬರೂ ಮುಂದಿನ ಚುನಾವಣೆಗೆ ಇನ್ನೊಮ್ಮೆ ಪಕ್ಷ ಬದಲಿಸಿ, ಅದೇ ಪೂಲಿನ ಬಗ್ಗೆ ಒಬ್ಬರ ಭಾಷಣವನ್ನು ಇನ್ನೊಬ್ಬರು ಮಾಡಿದರು. ತಪ್ಪು ಯಾರದೂ ಅಲ್ಲವೆಂದಾದ ಮೇಲೆ ಬೀರಪ್ಪನದೂ ಅಲ್ಲವೆಂದು ನಾವು ತಿಳಿದಿದ್ದೆವು. ಖಾಯಂ ನೌಕರನನ್ನು ತೆಗೆಯಲು ಆದೇಶ ಬೇಕು. ದಿನಗೂಲಿಯವನಿಗೆ ಅದೂ ಬೇಡ. ಬೆಳಿಗ್ಗೆ ಹಾಜರಿ ಕೂಗುವಾಗ ಹೆಸರು ಬಿಟ್ಟರೆ ಆಯಿತು. ಒಂದು ಸೋಮವಾರ ಹಾಗೆ ಬಿಟ್ಟರು. ಪಟ್ಟಿಯಲ್ಲಿ ಅವನ ಜಾಗಕ್ಕೆ ಬೇರೆ ಹೆಸರು ಬಂತು.

"ಹೋಗ್ಲಿ ಬಿಡ್ರಿ," ಎಂದ. "ಹತ್ತೊಂಬತ್ತ ವರ್ಷ ರಸ್ತಿ ಕಾದೆ, ಇನ್ನ ಕುರಿ ಕಾಯತೀನಿ. ಕುರಿ ಬಿದ್ರ ಜೀಪು ಬರಂಗಿಲ್ಲ." ನಗುತ್ತಲೇ ಹೇಳಿದ. ಆದರೆ ಅಂದು ಖಾಜಾಸಾಬರು ಕೊಟ್ಟ ಚಹಾ ಕುಡಿಯದೆ ಎದ್ದುಹೋದ.

ನಾನು ಅವನನ್ನು ಕಡೆಯ ಸಲ ನೋಡಿದ್ದು ಮರುವರ್ಷದ ಮಳೆಗಾಲದಲ್ಲಿ, ಅದೇ ಶರಣಪ್ಪನ ಬಸ್ಸಿನಿಂದ. ಅದಾದ ತಿಂಗಳಿಗೆ ನನಗೆ ಮಾನ್ವಿಗೆ ವರ್ಗವಾಯಿತು. ಹೊಸ ಪೂಲು ಇನ್ನೂ ಬುನಾದಿಯಲ್ಲೇ ಇತ್ತು. ಹಳ್ಳದೊಳಗೆ ಮೊರಂ ಮಣ್ಣು ಹಾಕಿ ದಾರಿ ಮಾಡಿದ್ದರು, ಅದರ ಮೇಲೆ ನೀರು ಹರಿಯುತ್ತಿತ್ತು. ದಂಡೆಯ ಮೇಲೆ ಹೊಸ ಖಾಯಂ ಮೇಸ್ತ್ರಿ ಹಸಿರು ಬಾವುಟ ಹಿಡಿದು, ಬರ್ರಿ ಬರ್ರಿ ಎಂದು ಬೀಸುತ್ತಿದ್ದ. ಶರಣಪ್ಪ ಇಂಜಿನ್ ಆರಿಸಿದ. "ಬೀರಪ್ಪನ್ನ ಕರ್ಕೊಂಡು ಬಾ," ಎಂದು ಕಂಡಕ್ಟರನನ್ನು ಕುರಿಹಟ್ಟಿಗೆ ಕಳಿಸಿದ.

ಮುಕ್ಕಾಲು ತಾಸು ಕಾದೆವು. ಬಸ್ಸಿನಲ್ಲಿ ಒಬ್ಬರೂ ಗೊಣಗಲಿಲ್ಲ. ಬೀರಪ್ಪ ಕಂಬಳಿ ಹೊದ್ದು ಬಂದ, ಕೋಲು ಊರುತ್ತ ನೀರಿಗೆ ಇಳಿದ, ನಡುವಿನವರೆಗೆ ಹೋಗಿ ಕಾಲಲ್ಲಿ ತಡವಿ ನೋಡಿ ಹೊರಳಿ ಬಂದ. ಕಿಟಕಿಯ ಕೆಳಗೆ ನಿಂತು ತಲೆ ಅಲ್ಲಾಡಿಸಿದ.

ಹಸಿರು ಬಾವುಟ ಬೀಸುತ್ತಲೇ ಇತ್ತು. ಶರಣಪ್ಪ ಬಸ್ಸನ್ನು ಹಿಂದಕ್ಕೆ ತೆಗೆದು, ದೇವದುರ್ಗದ ಕಡೆಗೆ ತಿರುಗಿಸಿದ.