ಏಳನೇ ನಂಬರಿನ ನಿದ್ದೆ

2023ರ ಬೇಸಿಗೆ ರಜೆ. ಆಗ ನಾನು ಕೆಂಗೇರಿ ಉಪನಗರ ದಾಟಿದ ಮೇಲೆ ಮೈಸೂರು ರಸ್ತೆಗೆ ಅಂಟಿಕೊಂಡಿದ್ದ ಹದಿನಾಲ್ಕು ಕೋಣೆಗಳ ಲಾಡ್ಜೊಂದರಲ್ಲಿ ಮ್ಯಾನೇಜರ್. ದೊಡ್ಡ ಹುದ್ದೆಯೇನಲ್ಲ, ಬೀಗದ ಕೈ ಕೊಡುವವನೂ ನಾನೇ, ದಿಂಬಿನ ಕವರ್ ಕೊಳೆಯಾಗಿದ್ದರೆ ಬೈಸಿಕೊಳ್ಳುವವನೂ ನಾನೇ. ಮೈಸೂರಿಗೆಂದು ಹೊರಟು ಬೆಂಗಳೂರಿನ ಟ್ರಾಫಿಕ್ಕಿನಲ್ಲೇ ಸುಸ್ತಾದ ಕುಟುಂಬಗಳು ನಮ್ಮಲ್ಲಿ ಒಂದು ರಾತ್ರಿ ತಂಗುತ್ತಿದ್ದವು.

ಹಾಗೆ ಒಂದು ಸಂಜೆ ಬಂದವರು ಹಾವೇರಿ ಕಡೆಯ ಚನ್ನವೀರಪ್ಪನವರು. ಅರವತ್ತು ದಾಟಿದ್ದ ಬಟ್ಟೆ ವ್ಯಾಪಾರಿ. ಜೊತೆಗೆ ಹೆಂಡತಿ ಗಂಗಮ್ಮ, ಮಗಳು ಶೈಲಾ, ಮೃಗಾಲಯ ನೋಡಲು ಕುಣಿಯುತ್ತಿದ್ದ ಇಬ್ಬರು ಮೊಮ್ಮಕ್ಕಳು. ಊರಿನಿಂದ ಚನ್ನವೀರಪ್ಪನವರೊಬ್ಬರೇ ಕಾರು ಓಡಿಸಿಕೊಂಡು ಬಂದಿದ್ದರು. ಮಗಳು ಮಕ್ಕಳಿಗೊಂದು ಕೋಣೆ, ದಂಪತಿಗೆ ಪಕ್ಕದ ಏಳನೇ ನಂಬರು ಕೊಟ್ಟೆ. "ಹಾಸಿಗಿ ಚಲೋ ಅದ ರೀ" ಎಂದು ಯಜಮಾನರು ಹೇಳಿ ಬಾಗಿಲು ಹಾಕಿಕೊಂಡರು. ನಮ್ಮ ಹಾಸಿಗೆಯನ್ನು ಹೊಗಳಿದವರು ಕಡಿಮೆ, ನನಗೆ ಖುಷಿಯಾಯಿತು.

ಬೆಳಿಗ್ಗೆ ಗಂಗಮ್ಮನವರು ಬೇಗ ಎದ್ದು, ಗಂಡನಿಗೆ ಎಚ್ಚರವಾದೀತೆಂದು ಲೈಟೂ ಹಾಕದೆ ಸ್ನಾನ ಮುಗಿಸಿ, ಹೊರಗೆ ಬಂದು ಕುಳಿತಿದ್ದರು. ಗಂಟೆ ಒಂಬತ್ತಾದರೂ ಯಜಮಾನರ ಸುಳಿವಿಲ್ಲ.

"ತಿಂಡಿ ಖಾಲಿಯಾಗುತ್ತಮ್ಮ, ಅವರನ್ನ ಎಬ್ಬಿಸ್ಲಾ?" ಎಂದೆ.

"ಬ್ಯಾಡ್ರಿ, ಮಲಗ್ಲಿ. ಅಂಗಡಿ ಬಾಗ್ಲಾ ತಗಿಬೇಕಂತ ಒಂದಿನಾನೂ ಹೊತ್ತೇರೂತನಾ ಮಲಗಿದವರಲ್ಲ."

ಮೊಮ್ಮಕ್ಕಳು ಗಲಾಟೆ ಮಾಡಿದಾಗ ಬಾಯಿಯ ಮೇಲೆ ಬೆರಳಿಟ್ಟು ಸುಮ್ಮನಾಗಿಸಿದರು. ನಾನೂ ಆ ಕಡೆ ಕಸ ಗುಡಿಸುವುದನ್ನು ನಿಲ್ಲಿಸಿದೆ. ಹತ್ತೂವರೆಗೆ ಟೀ ಲೋಟ ಹಿಡಿದು ಒಳಗೆ ಹೋದ ಗಂಗಮ್ಮನವರು ಕೂಗಿಕೊಂಡರು.

ಹತ್ತಿರದ ಕ್ಲಿನಿಕ್ಕಿನ ಡಾಕ್ಟರು ಬಂದು ನೋಡಿದರು. ಬೆಳಗಿನ ಜಾವ ನಿದ್ದೆಯಲ್ಲೇ ಹೃದಯ ನಿಂತಿತ್ತು. ಪೊಲೀಸರೂ ಬಂದು ಹೇಳಿಕೆ ಬರೆದುಕೊಂಡು ಹೋದರು. ಇಂಥ ಹೊತ್ತಿಗೆ ಲಾಡ್ಜಿನವರದೊಂದು ಪದ್ಧತಿ ಇದೆ: ಮೈ ತುಂಬ ಹೊದಿಕೆ, ಹಿಂದಿನ ಬಾಗಿಲು, ಆಂಬುಲೆನ್ಸ್. ನಾನು ಹೊದಿಕೆ ತಂದಾಗ ಶೈಲಾ ತಡೆದರು.

"ನಮ್ಮೊಳಗ ಮಲಗಿಸಿ ಕಳಸಂಗಿಲ್ರಿ. ಅಪ್ಪನ್ನ ಕುಂದ್ರಸಬೇಕು. ಒಂದು ಕುರ್ಚಿ ಕೊಡ್ರಿ."

ಅವರು ಲಿಂಗಾಯತರು. ತೀರಿಕೊಂಡವರನ್ನು ಕೂರಿಸಿ, ವಿಭೂತಿ ಹಚ್ಚಿ, ಕೂತ ಭಂಗಿಯಲ್ಲೇ ಮಣ್ಣು ಮಾಡುವ ಸಂಪ್ರದಾಯ. ಅದಕ್ಕೆ ದೇಹ ಸೆಟೆಯುವ ಮೊದಲೇ ಕೂರಿಸಬೇಕು. ನಾನು ನನ್ನ ಕುರ್ಚಿಯನ್ನೇ ತಂದಿಟ್ಟೆ. ಬೆನ್ನು ಎತ್ತಿದೆವು. ಮಂಡಿ ಮಡಿಸಲಾಗಲಿಲ್ಲ. ಶೈಲಾ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಅಪ್ಪನ ಮಂಡಿಗಳಿಗೆ ಶಾಖ ಕೊಟ್ಟು ಒತ್ತಿದರು, ಅಳುತ್ತಾ ಮತ್ತೆ ಒತ್ತಿದರು. ಕಾಲು ಹಿಡಿದಿದ್ದ ನನಗೂ ಅಳು ತಡೆಯಲಾಗಲಿಲ್ಲ.

ಗಂಗಮ್ಮನವರು ಮಗಳ ಕೈ ಹಿಡಿದುಕೊಂಡರು.

"ಸಾಕು ಬಿಡವ್ವಾ. ಅವರಿಗೆ ನೋವಾಗ್ತದ."

ಕುರ್ಚಿಯನ್ನು ಪಕ್ಕಕ್ಕೆ ಸರಿಸಿದೆ. ಹಣೆಗೆ ವಿಭೂತಿ ಹಚ್ಚಿ, ಮುಖ ಮುಚ್ಚದೆ, ಮುಂಬಾಗಿಲಿನಿಂದಲೇ ಆಂಬುಲೆನ್ಸಿಗೆ ಸಾಗಿಸಿದೆವು. ಮಾಲೀಕರಿಗೆ ಏನು ಹೇಳಬೇಕೆಂದು ಆಮೇಲೆ ಯೋಚಿಸಿದರಾಯಿತು ಅಂದುಕೊಂಡೆ. ಮೈಸೂರಿಗೆ ಹೊರಟು ನಿಂತಿದ್ದ ಇನ್ನೊಂದು ಕುಟುಂಬ ಚಪ್ಪಲಿ ಬಿಟ್ಟು ಕೈಮುಗಿದು ನಿಂತಿತ್ತು.

ಆಂಬುಲೆನ್ಸ್ ಹತ್ತುವ ಮುನ್ನ ಗಂಗಮ್ಮನವರು ನನ್ನ ಕಡೆ ತಿರುಗಿದರು.

"ಮುಂಜಾನೆ ನಾನು ಎಬ್ಬಿಸಾಕ ಹೋಗಿದ್ರ, ಅವರನ್ನ ಕುಂದ್ರಸಾಕ ಬರ್ತಿತ್ತೇನ್ರಿ?"

ಒಂದೆರಡು ತಾಸು ಮೊದಲೇ ಗೊತ್ತಾಗಿದ್ದರೆ ಕೂರಿಸುವುದು ಕಷ್ಟವಾಗುತ್ತಿರಲಿಲ್ಲ ಎಂದು, ನಾವು ಮಂಡಿ ಒತ್ತುವುದನ್ನು ನೋಡುತ್ತ ನಿಂತಿದ್ದ ಡಾಕ್ಟರು ಹೊರಡುವಾಗ ನನ್ನ ಕಿವಿಯಲ್ಲಿ ಹೇಳಿದ್ದರು.

"ಇಲ್ಲಮ್ಮ," ಎಂದೆ. "ನೀವು ಏಳೋ ಹೊತ್ತಿಗೇ ತಡವಾಗಿತ್ತಂತೆ. ಡಾಕ್ಟ್ರೇ ಹೇಳಿದ್ರು."

ಅವರು ತಲೆಯಾಡಿಸಿ ಗಂಡನ ಪಕ್ಕ ಹೋಗಿ ಕುಳಿತರು.

ಲಾಡ್ಜಿನ ಕೆಲಸದಲ್ಲಿ ನಾನು ಬೇಕಾದಷ್ಟು ಸುಳ್ಳು ಹೇಳಿದ್ದೇನೆ. ಕರೆಂಟು ಐದೇ ನಿಮಿಷಕ್ಕೆ ಬರುತ್ತೆ, ನಮ್ಮಲ್ಲಿ ಸೊಳ್ಳೆ ಇಲ್ಲವೇ ಇಲ್ಲ. ಅವೆಲ್ಲ ಹೊಟ್ಟೆಪಾಡು. ಅವತ್ತು ಬೇರೆಯೇ ಒಂದು ಪಾಠ ಕಲಿತೆ. ಯಾರಿಗಾದರೂ ನಿಜ ಹೇಳುವ ಮೊದಲು, ಅದನ್ನು ಹೊತ್ತುಕೊಂಡು ಅವರು ಎಷ್ಟು ದೂರ ಹೋಗಬೇಕಾಗಿದೆ ಎಂದು ನೋಡಬೇಕು. ಗಂಗಮ್ಮನವರು ಹಾವೇರಿಯವರೆಗೆ ಹೋಗಬೇಕಿತ್ತು.